ಮೂರು ಸಂಗೀತ ಕೇಳಿದ ಕಿವಿ: ಮುತ್ತುಸ್ವಾಮಿ ದೀಕ್ಷಿತರ ದಾರಿಯಲ್ಲಿ ಒಬ್ಬ ಶಿಷ್ಯೆಯ ಪ್ರಕರಣ

ಈ ಪ್ರಕರಣ ಬರೆಯಲು ನನ್ನ ಶಿಷ್ಯೆ ಒಪ್ಪಿದ್ದಾಳೆ. ಹೆಸರು, ಬಡಾವಣೆ, ಹಿಂದೆ ಕಲಿಸಿದ ಗುರುಗಳು, ಇವೆಲ್ಲ ಇಲ್ಲಿ ಇರುವುದಿಲ್ಲ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಕೇಳಿ ಬೆಳೆದ ಬೇರೆ ಬೇರೆ ಸಂಗೀತಗಳು ಒಂದೇ ರಚನೆಯಲ್ಲಿ ಹೊಂದಿಕೊಳ್ಳದೆ ಹೋಗುವುದು, ಸ್ವಂತ ರಚನೆ ಮಾಡಬೇಕು ಅಂತ ಬರುವ ಶಿಷ್ಯರಲ್ಲಿ ಈ ತೊಡಕು ಈಗ ಪದೇ ಪದೇ ಕಾಣುತ್ತಿದೆ. ಕಲಿಸುವವರಿಗೂ ಕಲಿಯುವವರಿಗೂ ಉಪಯೋಗ ಆಗಬಹುದು ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಹಿನ್ನೆಲೆ

ಆಕೆಗೆ ಮೂವತ್ತರ ಆಸುಪಾಸು. ಧಾರವಾಡದ ಕಡೆಯವಳು. ಚಿಕ್ಕಂದಿನಲ್ಲಿ ಹಿಂದೂಸ್ತಾನಿ ಗಾಯನ ಕಲಿತಳು. ಜೊತೆಗೆ ಕೀಬೋರ್ಡ್, ಸ್ಟಾಫ್ ನೊಟೇಶನ್, ಪಾಶ್ಚಾತ್ಯ ಸಂಗೀತದ ಗ್ರೇಡ್ ಪರೀಕ್ಷೆಗಳು. ಕೆಲಸಕ್ಕೆ ಬೆಂಗಳೂರಿಗೆ ಬಂದ ಮೇಲೆ ಕರ್ನಾಟಕ ಸಂಗೀತ ಹಿಡಿದಳು, ಅದೂ ಸುಮ್ನೆ ಅಲ್ಲ, ಸರಳೆ ವರಸೆಯಿಂದ ಶುರು ಮಾಡಿ ಗೀತೆ, ವರ್ಣ, ಕೃತಿ ಅಂತ ಒಂದೊಂದೇ ಮೆಟ್ಟಿಲು ಹತ್ತಿಕೊಂಡು. ನನ್ನ ಹತ್ತಿರ ಬರುವ ಹೊತ್ತಿಗೆ ಶ್ರುತಿ ಗಟ್ಟಿ ಇತ್ತು, ತಾಳ ಗಟ್ಟಿ ಇತ್ತು, ಯಾವ ಸ್ವರ ಹಾಡಿದರೂ ಒಂದೇ ಸಲಕ್ಕೆ ಬರೆದುಕೊಳ್ಳುವಷ್ಟು ಕಿವಿ ಇತ್ತು.

ಅವಳು ಬಂದದ್ದು ಪಾಠಕ್ಕಲ್ಲ. ಕನ್ನಡದಲ್ಲಿ ತಾನೇ ಸಾಹಿತ್ಯ ಬರೆದು ಆರು ಕೃತಿಗಳನ್ನು ಮಾಡಿದ್ದಳು, ಅವನ್ನು ತಿದ್ದಿಸಿಕೊಳ್ಳಲು ಬಂದಿದ್ದಳು.

ತೊಡಕು ಏನು

ಆರನ್ನೂ ಕೇಳಿದೆ. ಯಾವುದರಲ್ಲೂ ತಪ್ಪು ಹಿಡಿಯುವ ಹಾಗಿರಲಿಲ್ಲ. ಆದರೆ ಯಾವುದನ್ನೂ ಇನ್ನೊಂದು ಸಲ ಹಾಡು ಅಂತ ಕೇಳಬೇಕು ಅನ್ನಿಸಲಿಲ್ಲ. ಕಲ್ಯಾಣಿಯ ಕೃತಿಯನ್ನೇ ತೆಗೆದುಕೊಳ್ಳಿ. ಪಲ್ಲವಿ ಕಲ್ಯಾಣಿಯಲ್ಲಿ ಶುರುವಾಗುತ್ತದೆ. ಅನುಪಲ್ಲವಿಗೆ ಬರುವಾಗ ಗಾಂಧಾರ, ನಿಷಾದ ನೇರವಾಗಿ ನಿಂತುಬಿಡುತ್ತವೆ, ಆಗ ಅದು ಯಮನ್, ಅದೇ ಸ್ವರಗಳ ಹಿಂದೂಸ್ತಾನಿ ರಾಗ. ಚರಣದಲ್ಲಿ ಸ್ವರಗಳು ಕಾರ್ಡ್ (ಪಾಶ್ಚಾತ್ಯ ಸಂಗೀತದಲ್ಲಿ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮುರಿದು ಹಾಕಿದ ಹಾಗೆ ಒಂದು ಬಿಟ್ಟು ಒಂದು ಹಾರುತ್ತವೆ, ಅದು ಕೀಬೋರ್ಡಿನ ಬೆರಳಿನ ಅಭ್ಯಾಸ. ಕೊನೆಯ ಚಿಟ್ಟೆಸ್ವರದಲ್ಲಿ, ಅಂದರೆ ಪದವಿಲ್ಲದ ಸ್ವರಗಳ ಸಾಲಿನಲ್ಲಿ, ಮತ್ತೆ ಕಲ್ಯಾಣಿ ನೆನಪಾಗುತ್ತದೆ. ಮೂರು ಊರಿನ ಜನ ಒಂದೇ ಮನೆಯಲ್ಲಿದ್ದೂ ಒಬ್ಬರನ್ನೊಬ್ಬರು ಮಾತಾಡಿಸದೆ ಇದ್ದ ಹಾಗಿತ್ತು.

ಆಕೆಗೂ ಇದು ಗೊತ್ತಿತ್ತು. "ಸರ್, ನಾ ಏನ್ ಮಾಡಿದ್ರೂ ಅರ್ಧಕ್ಕ ಯಮನ್ ಆಗಿಬಿಡ್ತದ್ರೀ" ಅಂದಳು.

ಮೊದಲು ಮಾಡಿ ನೋಡಿದ್ದು

ನನ್ನ ಹತ್ತಿರ ಬರುವ ಮುಂಚೆಯೇ ಆಕೆ ಎರಡು ದಾರಿ ಹಿಡಿದು ನೋಡಿದ್ದಳು. ಹಿರಿಯರೊಬ್ಬರು ಹಿಂದೂಸ್ತಾನಿ ಕೇಳುವುದನ್ನೇ ನಿಲ್ಲಿಸು ಅಂದಿದ್ದರು. ಶ್ರದ್ಧೆಯಿಂದ ನಿಲ್ಲಿಸಿದಳು. ಚಿಕ್ಕಂದಿನಿಂದ ಕೇಳಿಕೊಂಡು ಬಂದದ್ದನ್ನು ಬಿಟ್ಟ ಮೇಲೆ ಗಂಟಲೇ ಬಿಗಿದ ಹಾಗಾಯಿತಂತೆ. ಹಾಡುವುದರಲ್ಲಿದ್ದ ಸಂತೋಷ ಹೋಯಿತು, ರಚನೆ ಮಾತ್ರ ಸರಿಹೋಗಲಿಲ್ಲ. ಎರಡನೆಯದು, ಪ್ರತಿ ರಾಗಕ್ಕೂ ಒಂದು ಹಾಳೆ ಮಾಡಿ, ದೊಡ್ಡ ವಾಗ್ಗೇಯಕಾರರ (ಪದ, ಸಂಗೀತ ಎರಡನ್ನೂ ತಾವೇ ಮಾಡಿದವರ) ಕೃತಿಗಳಿಂದ ಸಂಚಾರಗಳನ್ನು, ಅಂದರೆ ರಾಗದ ಸ್ವರಗಳು ಸಾಗುವ ದಾರಿಗಳನ್ನು, ಆರಿಸಿ ಬರೆದುಕೊಂಡು, ಅವನ್ನು ಜೋಡಿಸಿ ರಚನೆ ಮಾಡಿದ್ದು. ಲಕ್ಷಣ ಸರಿಯಾಯಿತು. ಜೀವ ಬರಲಿಲ್ಲ.

ಇಷ್ಟು ಕೇಳಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಈ ಹುಡುಗಿ ಕೇಳಿದ್ದು ಜಾಸ್ತಿ ಆಗಿಲ್ಲ. ಕೇಳಿದ್ದರಲ್ಲಿ ಯಾವುದನ್ನು ಇದ್ದ ಹಾಗೇ ಬಿಡಬೇಕು, ಯಾವುದನ್ನು ಪೂರ್ತಿ ಕರಗಿಸಬೇಕು ಅನ್ನುವ ತೀರ್ಮಾನ ಆಗಿಲ್ಲ. ಇವಳ ಹಾಗೆಯೇ ಮೂರು ಸಂಗೀತ ಕೇಳಿ ಬೆಳೆದ ಒಬ್ಬರು ನಮ್ಮಲ್ಲೇ ಇದ್ದಾರಲ್ಲ, ಅವರ ಬದುಕನ್ನೇ ಪಾಠ ಮಾಡೋಣ ಅಂತ ನಿರ್ಧರಿಸಿದೆ.

ದೀಕ್ಷಿತರೇ ಯಾಕೆ

ಕರ್ನಾಟಕ ಸಂಗೀತದ ತ್ರಿಮೂರ್ತಿಗಳಲ್ಲಿ ಒಬ್ಬರಾದ ಮುತ್ತುಸ್ವಾಮಿ ದೀಕ್ಷಿತರು ಹುಟ್ಟಿದ್ದು 1775ರ ಸುಮಾರಿಗೆ, ತಿರುವಾರೂರಿನಲ್ಲಿ. ಉಳಿದಿಬ್ಬರು, ತ್ಯಾಗರಾಜರು, ಶ್ಯಾಮಾಶಾಸ್ತ್ರಿಗಳು ಹುಟ್ಟಿದ್ದೂ ಅದೇ ಊರಿನಲ್ಲಿ. ತಂದೆ ರಾಮಸ್ವಾಮಿ ದೀಕ್ಷಿತರು ಸ್ವತಃ ದೊಡ್ಡ ವಾಗ್ಗೇಯಕಾರರು, ಹಂಸಧ್ವನಿ ರಾಗ ಅವರ ಕೊಡುಗೆ. ಆ ತಂದೆಗೆ ಸಿಕ್ಕಿದ್ದು ವೆಂಕಟಮಖಿಯ ಪರಂಪರೆಯ ಪಾಠ. 'ಚತುರ್ದಂಡಿ ಪ್ರಕಾಶಿಕೆ' ಅನ್ನುವ ಸಂಗೀತಶಾಸ್ತ್ರದ ಗ್ರಂಥ ಬರೆದ ವೆಂಕಟಮಖಿಯ ತಂದೆ ಗೋವಿಂದ ದೀಕ್ಷಿತರು, ತಂಜಾವೂರಿನ ನಾಯಕ ಅರಸರ ಮಂತ್ರಿಯಾಗಿದ್ದ ಕನ್ನಡ ಮೂಲದವರು. ಮುತ್ತುಸ್ವಾಮಿ ದೀಕ್ಷಿತರ ಮೊದಲ ಕೇಳ್ಮೆ ಇದು, ಮನೆಯ ವಿದ್ಯೆ.

ಎರಡನೆಯದು ಮಣಲಿಯಲ್ಲಿ. ಮದ್ರಾಸಿನ ಹತ್ತಿರದ ಊರು. ಅಲ್ಲಿನ ಮುದಲಿಯಾರ್ ಮನೆತನ ಈ ಕುಟುಂಬಕ್ಕೆ ಆಶ್ರಯ ಕೊಟ್ಟಿತು. ಅವರ ಜೊತೆ ಸೇಂಟ್ ಜಾರ್ಜ್ ಕೋಟೆಯ ಕಡೆ ಹೋಗಿ ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡ್ ಕೇಳುವ ಅವಕಾಶ ಈ ಅಣ್ಣತಮ್ಮಂದಿರಿಗೆ ಸಿಕ್ಕಿತು. ತಮ್ಮ ಬಾಲುಸ್ವಾಮಿ ಯುರೋಪಿನ ವಾದಕರ ಹತ್ತಿರವೇ ಪಿಟೀಲು ಕಲಿತ. ಇವತ್ತು ಯಾವ ಸಂಗೀತ ಕಛೇರಿಗೆ ಹೋದರೂ ಪಕ್ಕದಲ್ಲಿ ಪಿಟೀಲು ಕೂತಿರುತ್ತದಲ್ಲ, ಆ ಕಥೆ ಶುರುವಾಗುವುದು ಈ ಮನೆಯ ಆಸುಪಾಸಿನಲ್ಲೇ.

ಮೂರನೆಯದು ಕಾಶಿ. ಚಿದಂಬರನಾಥ ಯೋಗಿಗಳು ಮಣಲಿಗೆ ಬಂದರು, ಹುಡುಗನನ್ನು ಜೊತೆಗೆ ಕಳಿಸಿ ಅಂದರು. ಅಲ್ಲಿ ದೀಕ್ಷಿತರು ಹಲವು ವರ್ಷ ಇದ್ದರು. ಶ್ರೀವಿದ್ಯೆ (ದೇವಿಯ ಉಪಾಸನೆ), ವೇದಾಂತ, ಅದರ ಜೊತೆ ಉತ್ತರದ ಸಂಗೀತ. ನಿಧಾನವಾಗಿ ಒಂದೊಂದೇ ಸ್ವರ ಬಿಚ್ಚುವ ಧ್ರುಪದ ಗಾಯನದ ಛಾಯೆ ಅವರ ಕೃತಿಗಳ ನಡೆಯಲ್ಲಿ ಇದೆ ಅಂತ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಹಾಡುವಾಗ ನನಗೂ ಅದು ಹೌದು ಅನ್ನಿಸುತ್ತದೆ. ಅವರು ವೈಣಿಕರು ಅನ್ನುವುದನ್ನೂ ಮರೆಯಬಾರದು. ಅವರ ಸಂಚಾರಗಳು ವೀಣೆಯ ಮೆಟ್ಟುಗಳ ಮೇಲೆ ತಂತಿ ಎಳೆದು ಹುಟ್ಟಿದವು, ಗಂಟಲು ಅದನ್ನು ಹಿಂಬಾಲಿಸಬೇಕು.

ನನ್ನ ಶಿಷ್ಯೆಯ ಕಿವಿಗೂ ಇವರ ಕಿವಿಗೂ ಬಿದ್ದ ಸಂಗೀತ ಹೆಚ್ಚುಕಡಿಮೆ ಅವೇ ಮೂರು. ಹಾಗಾದರೆ ಅವರು ಏನು ಮಾಡಿದರು?

ಮೊದಲ ತಿರುವು: ನೊಟ್ಟುಸ್ವರ

ರಚನೆ ಮಾಡುವುದನ್ನು ಸದ್ಯಕ್ಕೆ ಬಿಡು ಅಂದೆ. ಇದು ಆಕೆಗೆ ಕಷ್ಟದ ನಿರ್ಧಾರ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅದರ ಬದಲು ದೀಕ್ಷಿತರ ನೊಟ್ಟುಸ್ವರ ಸಾಹಿತ್ಯ ಕೊಟ್ಟೆ. ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತದ ಪದ ಕೂರಿಸಿದ ಪುಟ್ಟ ಪುಟ್ಟ ಹಾಡುಗಳು, ಸುಮಾರು 40 ಇವೆ. 'ಶಕ್ತಿಸಹಿತ ಗಣಪತಿಂ', 'ಶ್ಯಾಮಲೇ ಮೀನಾಕ್ಷಿ', 'ವರಶಿವಬಾಲಂ' ಮಕ್ಕಳಿಗೆ ಹೇಳಿಕೊಡುವುದನ್ನು ಎಲ್ಲರೂ ಕೇಳಿರುತ್ತೀರಿ. ಇಂಗ್ಲೆಂಡಿನ ರಾಜಗೀತೆಯ ಮಟ್ಟಿನಲ್ಲಿ 'ಸಂತತಂ ಪಾಹಿ ಮಾಂ ಸಂಗೀತ ಶ್ಯಾಮಲೇ' ಇದೆ.

"ಇದು ಸಣ್ಣ ಹುಡುಗರ ಪಾಠ ಅಲ್ಲೇನ್ರೀ ಸರ್?" ಅಂದಳು. ಹೌದು, ಹಾಡಲು ಸುಲಭ. ಆದರೆ ನಾನು ಹಾಡು ಅನ್ನಲಿಲ್ಲ, ದೀಕ್ಷಿತರು ಆ ಮಟ್ಟಿಗೆ ಏನೇನು ಸೇರಿಸಿದ್ದಾರೆ ಹುಡುಕು ಅಂದೆ. ಕೀಬೋರ್ಡಿನಲ್ಲಿ ನುಡಿಸಿದಳು, ಹಾಡಿದಳು, ಬರೆದಳು. ಮುಂದಿನ ವಾರ ಬಂದು, ಮಟ್ಟಿಗೆ ಏನೂ ಸೇರಿಸಿಲ್ಲ ಸರ್ ಅಂದಳು. ಗಮಕ (ಸ್ವರವನ್ನು ಅಲುಗಿಸುವುದು) ಇಲ್ಲ, ಸಂಗತಿ (ಒಂದೇ ಸಾಲನ್ನು ಬೇರೆ ಬೇರೆ ರೀತಿ ಬೆಳೆಸಿ ಹಾಡುವುದು) ಇಲ್ಲ. ಪದ ಮಾತ್ರ ಅವರದು, ದೇವರು ಅವರದು, ಕೊನೆಯಲ್ಲಿ ಅಂಕಿತವಾಗಿ ಬರುವ ಗುರುಗುಹ ಮುದ್ರೆ ಅವರದು.

ಅದೇ ದಿನ ದೀಕ್ಷಿತರ 'ಅಕ್ಷಯಲಿಂಗ ವಿಭೋ' ಕೃತಿ ತೆಗೆದೆ. ಅದರ ರಾಗ ಶಂಕರಾಭರಣ. ನೊಟ್ಟುಸ್ವರಗಳೂ ಶಂಕರಾಭರಣದ ಸ್ವರಗಳೇ. ಸ್ವರಸ್ಥಾನ ಒಂದೇ, ಮನುಷ್ಯ ಒಬ್ಬರೇ. ಒಂದರಲ್ಲಿ ಸ್ವರಗಳು ಸಿಪಾಯಿಗಳ ಬ್ಯಾಂಡಿನಲ್ಲಿ ಇದ್ದಷ್ಟೇ ನೆಟ್ಟಗೆ ನಿಂತಿವೆ. ಇನ್ನೊಂದು ಮಿಶ್ರಛಾಪು ತಾಳದಲ್ಲಿ ಬಿಡುವಾಗಿ ನಡೆಯುತ್ತದೆ, ಒಂದು ಸ್ವರವೂ ತನ್ನ ಜಾಗದಲ್ಲಿ ಸುಮ್ಮನೆ ಕೂರುವುದಿಲ್ಲ, ಪ್ರತಿಯೊಂದೂ ಪಕ್ಕದ ಸ್ವರವನ್ನು ಮುಟ್ಟಿ ಬರುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಹಾಡಿಸಿದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: "ಎರಡೂ ಗೊತ್ತಿತ್ತಲ್ರೀ ಅವರಿಗೆ. ಮತ್ತ ಯಾಕ ಬೆರೆಸಲಿಲ್ಲ?"

ಇಡೀ ಪ್ರಕರಣ ತಿರುಗಿದ್ದು ಈ ಪ್ರಶ್ನೆಯ ಮೇಲೆ. ಆ ಬ್ಯಾಂಡಿನ ಮಟ್ಟಿಗೆ ಚೂರು ಗಮಕ ಹಾಕುವುದು, ಕೃತಿಯ ನಡುವೆ ಚೂರು ಬ್ಯಾಂಡ್ ತರುವುದು ಅವರಿಗೆ ಕಷ್ಟವೇ? ಮಾಡಲಿಲ್ಲ. ಬ್ಯಾಂಡನ್ನು ಬ್ಯಾಂಡಾಗಿಯೇ ಬಿಟ್ಟರು, ಅದಕ್ಕೆ ಪೂರ್ತಿ ಮರ್ಯಾದೆ ಕೊಟ್ಟರು.

ಎರಡನೇ ತಿರುವು: ಜಂಬೂಪತೇ

ಹಾಗಂತ ಹೊರಗಿನದನ್ನು ಅವರು ಒಳಗೆ ಬಿಟ್ಟುಕೊಳ್ಳಲೇ ಇಲ್ಲ ಅಂದರೆ ಅದು ಸುಳ್ಳು. ಕಾಶಿಯಲ್ಲಿ ಕೇಳಿದ್ದಕ್ಕೆ ಅವರು ಮಾಡಿದ್ದೇ ಬೇರೆ. ಯಮುನಾಕಲ್ಯಾಣಿಯಲ್ಲಿ 'ಜಂಬೂಪತೇ' ಇದೆ, ದ್ವಿಜಾವಂತಿಯಲ್ಲಿ 'ಚೇತಃ ಶ್ರೀ ಬಾಲಕೃಷ್ಣಂ' ಇದೆ. ಹಿಂದೂಸ್ತಾನಿಯ ಯಮನ್ ಕಲ್ಯಾಣ್, ಜೈಜೈವಂತಿ ಗೊತ್ತಿರುವ ಯಾರಿಗಾದರೂ ಈ ರಾಗಗಳ ನಂಟು ಕೂಡಲೇ ತಿಳಿಯುತ್ತದೆ. ಆದರೆ ಕೃತಿ ಶುರುವಾದ ಮೇಲೆ ಎಲ್ಲೂ 'ಇದು ಅಲ್ಲಿಂದ ಬಂದಿದ್ದು' ಅಂತ ತಡವರಿಸುವುದಿಲ್ಲ.

ಆಕೆಗೆ ಕೊಟ್ಟ ಕೆಲಸ: ಒಂದು ದಿನ ತಾನು ಚಿಕ್ಕಂದಿನಲ್ಲಿ ಕಲಿತ ಯಮನ್ ಬಂದಿಶ್ (ಹಿಂದೂಸ್ತಾನಿಯ ಹಾಡಿನ ರಚನೆ) ತಂಬೂರಿ ಹಾಕಿಕೊಂಡು ಪೂರ್ತಿ ಹಾಡಬೇಕು, ಮಾರನೇ ದಿನ 'ಜಂಬೂಪತೇ' ಹಾಡಬೇಕು. ಒಂದೇ ದಿನ ಎರಡೂ ಬೇಡ. ಹಿಂದೂಸ್ತಾನಿ ಬಿಟ್ಟಿದ್ದವಳಿಗೆ ಅದನ್ನು ವಾಪಸ್ ಕೊಟ್ಟ ಹಾಗಾಯಿತು. ಗಂಟಲಿನ ಬಿಗಿ ಮೊದಲು ಬಿಟ್ಟದ್ದು ಇಲ್ಲೇ.

'ಜಂಬೂಪತೇ'ಯಲ್ಲಿ ಆಕೆ ಕಂಡುಕೊಂಡದ್ದು ನನಗೂ ಖುಷಿ ಕೊಟ್ಟಿತು. ತಿರುವಾನೈಕಾವಲಿನ ಜಂಬುಕೇಶ್ವರ ಅಪ್ಪುಲಿಂಗ, ನೀರಿನ ಲಿಂಗ. ಸಾಹಿತ್ಯದಲ್ಲಿ 'ಅಂಬುಧಿ ಗಂಗಾ ಕಾವೇರೀ ಯಮುನಾ' ಅಂತ ಸಮುದ್ರ, ನದಿಗಳೇ ಸಾಲಾಗಿ ಬರುತ್ತವೆ. ಅದರಲ್ಲಿ ಯಮುನಾ ಅನ್ನುವುದು ರಾಗದ ಹೆಸರಿನ ಸುಳಿವೂ ಹೌದು. ಅಂದರೆ ಉತ್ತರದ ರಾಗ ಇಲ್ಲಿಗೆ ಬಂದದ್ದು ಬರೀ ಇಂಪಾಗಿದೆ ಅಂತಲ್ಲ. ಕ್ಷೇತ್ರ, ದೇವರು, ನೀರು, ಪದ, ರಾಗದ ಹೆಸರು, ಎಲ್ಲಕ್ಕೂ ಅದು ಬೇಕಾಗಿತ್ತು. ಆಕೆಯ ಕಲ್ಯಾಣಿ ಕೃತಿಯಲ್ಲಿ ಯಮನ್ ಯಾಕೆ ಬಂತು? ಬೆರಳಿಗೆ, ಗಂಟಲಿಗೆ ಅಭ್ಯಾಸ ಇತ್ತು, ಅದಕ್ಕೆ ಬಂತು. ಬೇರೆ ಕಾರಣ ಆಕೆಯೇ ಹುಡುಕಿದರೂ ಸಿಗಲಿಲ್ಲ.

ನಡುವೆ ಎಡವಿದ ಜಾಗಗಳು

ಎಲ್ಲವೂ ಸಲೀಸಾಗಿ ಆಗಲಿಲ್ಲ. ವಿಲಂಬ ಕಾಲ ಆಕೆಗೆ ದೊಡ್ಡ ಪರೀಕ್ಷೆ. ದೀಕ್ಷಿತರ ಕೃತಿ ನಿಧಾನವಾಗಿ ಹೋಗಬೇಕು. ಆಕೆ ಎರಡನೇ ಆವರ್ತಕ್ಕೇ ಕಾಲ ಏರಿಸಿಬಿಡುತ್ತಿದ್ದಳು. ಮೊಬೈಲಿನ ಮೆಟ್ರೊನೋಮ್ ಹಾಕಿಕೊಂಡರೆ ಕಾಲ ನಿಲ್ಲುತ್ತಿತ್ತು, ಆದರೆ ಆಗ ಹಾಡು ಅದರ ಟಕ್ ಟಕ್ಕಿಗೆ ಕಾಯುತ್ತಾ ಕೂರುತ್ತಿತ್ತು. ಕೊನೆಗೆ ಕೈಯಲ್ಲಿ ತಾಳ ಹಾಕಿಕೊಂಡು ಕೊನೆಯ ಮಧ್ಯಮಕಾಲದ ಸಾಹಿತ್ಯವನ್ನು ಮೊದಲು ಕಲಿಸಿದೆ. ಎರಡರಷ್ಟು ವೇಗದ ಆ ಸಾಲುಗಳು ಹಿಂದಿನ ನಿಧಾನದಿಂದಲೇ ಮೇಲೇಳುತ್ತವೆ. ಎಲ್ಲಿಗೆ ಹೋಗಿ ಮುಟ್ಟಬೇಕು ಅಂತ ಗೊತ್ತಾದ ಮೇಲೆ ಮೊದಲಿನ ಅವಸರ ತಾನಾಗಿಯೇ ಇಳಿಯಿತು.

ಇನ್ನೊಂದು ಕಡೆ ದೀಕ್ಷಿತರನ್ನೇ ಅನುಕರಿಸಲು ಹೋದಳು. ಸಂಸ್ಕೃತದಲ್ಲಿ ಉದ್ದುದ್ದ ಸಮಾಸ, ರಾಗಮುದ್ರೆ (ಸಾಹಿತ್ಯದಲ್ಲೇ ರಾಗದ ಹೆಸರು), ಕ್ಷೇತ್ರದ ಹೆಸರು, ವಿಭಕ್ತಿಯ ಲೆಕ್ಕ. ಕಮಲಾಂಬಾ ದೇವಿಯ ಮೇಲೆ, ಶ್ರೀಚಕ್ರದ ಒಂಬತ್ತು ಆವರಣಗಳನ್ನು ಹಿಡಿದು ದೀಕ್ಷಿತರು ಮಾಡಿದ ಕಮಲಾಂಬಾ ನವಾವರಣ ಕೃತಿಗಳನ್ನು ನೋಡಿ ಆಸೆಪಟ್ಟಿದ್ದಳು. ತಪ್ಪಲ್ಲ, ಯಾರಿಗಾದರೂ ಆಸೆ ಆಗುತ್ತದೆ. ಧ್ಯಾನ, ಮಂಗಳ ಸೇರಿ 11 ಕೃತಿ, ಒಂದೊಂದು ಆವರಣಕ್ಕೆ ಒಂದೊಂದು ರಾಗ, ಒಂದೊಂದು ವಿಭಕ್ತಿ, ಒಂಬತ್ತನೆಯದರಲ್ಲಿ ಎಲ್ಲ ವಿಭಕ್ತಿಗಳೂ ಒಟ್ಟಿಗೆ. ಆದರೆ ಅದು ಬಂದದ್ದು ಉಪಾಸನೆಯಿಂದ. ಆಕೆ ಬರೆದದ್ದು ನಿಘಂಟು ಇಟ್ಟುಕೊಂಡು. ನಾಲ್ಕು ಸಾಲು ಹಾಡುವಷ್ಟರಲ್ಲಿ ಆಕೆಗೇ ಸಾಕಾಯಿತು, ಕನ್ನಡಕ್ಕೆ ವಾಪಸ್ ಬಂದಳು. ದ್ವಿತೀಯಾಕ್ಷರ ಪ್ರಾಸ ಮಾತ್ರ ಉಳಿಸಿಕೊಂಡಳು, ನಮ್ಮ ಹಳಗನ್ನಡ ಕಾವ್ಯದಲ್ಲೂ ಅದೇ ಪ್ರಾಸ ಇರುವುದರಿಂದ ಅದು ಕನ್ನಡಕ್ಕೆ ಭಾರ ಆಗಲಿಲ್ಲ.

ಆಮೇಲೆ ಆಫೀಸಿನ ಕೆಲಸ ಜಾಸ್ತಿಯಾಗಿ ಕೆಲವು ಕಾಲ ಪಾಠವೇ ನಿಂತಿತ್ತು. ಮತ್ತೆ ಬಂದಾಗ ಗಮಕಗಳು ಸಡಿಲವಾಗಿದ್ದವು. ಆಗ ಸಹಾಯಕ್ಕೆ ಬಂದದ್ದು 'ಸಂಗೀತ ಸಂಪ್ರದಾಯ ಪ್ರದರ್ಶಿನಿ'. ಬಾಲುಸ್ವಾಮಿಯವರ ಮೊಮ್ಮಗ ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಿಂದ ಹೊರತಂದ ಗ್ರಂಥ. ಸ್ವರಗಳ ಜೊತೆಗೆ ಗಮಕದ ಗುರುತುಗಳೂ ಇವೆ. ಸ್ಟಾಫ್ ನೊಟೇಶನ್ ಓದಿ ಬೆಳೆದ ಆಕೆಗೆ ಇದು ಹೊಸ ಬೆಳಕು: ಬರೆದದ್ದನ್ನು ನೋಡಿ ಕಲಿಯುವ ತನ್ನ ಹಳೆಯ ಅಭ್ಯಾಸವನ್ನು ಇಲ್ಲಿ ಗಮಕಕ್ಕೂ ಬಳಸಬಹುದಿತ್ತು. ಪುಸ್ತಕ ನೋಡಿ ಬರೆದುಕೊಳ್ಳುವುದು, ನಾನು ಹಾಡಿದ್ದನ್ನು ಕೇಳಿ ತಿದ್ದಿಕೊಳ್ಳುವುದು, ಹೀಗೆ ಸಾಗಿತು.

ತೀರ್ಮಾನದ ದಿನ

ಆರೂ ಕೃತಿಗಳ ಹಾಳೆಗಳನ್ನು ಹರಡಿಕೊಂಡು ಕೂತೆವು. ಯಾವುದನ್ನು ಏನು ಮಾಡಬೇಕು ಅಂತ ಆಕೆಯೇ ಹೇಳಬೇಕು, ನಾನು ಬಾಯಿ ಹಾಕುವುದಿಲ್ಲ ಅಂದಿದ್ದೆ.

ಎರಡು ಮಟ್ಟುಗಳು ಪಕ್ಕಾ ಹಿಂದೂಸ್ತಾನಿ. ಅವುಗಳಿಂದ ಕರ್ನಾಟಕದ ವೇಷ ಪೂರ್ತಿ ತೆಗೆದು, ಬಂದಿಶ್ ಹಾಗೆಯೇ ಬಿಟ್ಟು, ಕನ್ನಡದ ಸಾಹಿತ್ಯ ಇಟ್ಟುಕೊಂಡಳು. ಒಂದು ಕೀಬೋರ್ಡಿನ ಮಟ್ಟು. ಅದನ್ನು ನೇರ ಸ್ವರದಲ್ಲೇ ಮಕ್ಕಳ ಹಾಡು ಮಾಡಿದಳು. ಉಳಿದ ಮೂರನ್ನು, ಕಲ್ಯಾಣಿಯದೂ ಸೇರಿ, ಹರಿದು ಹಾಕಿದಳು. ಕಲ್ಯಾಣಿಯದಂತೂ ಎರಡು ವರ್ಷ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಕೃತಿ. ಹರಿಯುವುದು ಸುಲಭ ಆಗಿರಲಿಲ್ಲ.

ಹೊಸದಾಗಿ ಏನು ಶುರು ಮಾಡಲಿ ಅಂತ ಕೇಳಿದಾಗ ತಿರುತ್ತಣಿಯ ಕಥೆ ಹೇಳಿದೆ. ಕಾಶಿಯಿಂದ ಬಂದ ದೀಕ್ಷಿತರು ತಿರುತ್ತಣಿ ಬೆಟ್ಟದಲ್ಲಿ ಜಪಕ್ಕೆ ಕೂತಾಗ ವೃದ್ಧರೊಬ್ಬರು ಬಂದು ಬಾಯಿಗೆ ಕಲ್ಲುಸಕ್ಕರೆ ಹಾಕಿದರು, ಕಣ್ಣು ಬಿಟ್ಟರೆ ಸುಬ್ರಹ್ಮಣ್ಯ ಅಂತ ಐತಿಹ್ಯ. ಆಗ ಬಂದ ಮೊದಲ ಕೃತಿ 'ಶ್ರೀನಾಥಾದಿ ಗುರುಗುಹೋ ಜಯತಿ'. ರಾಗ ಮಾಯಾಮಾಳವಗೌಳ, ಪುರಂದರದಾಸರು ನಮಗೆಲ್ಲ ಮೊದಲ ಪಾಠಕ್ಕೆ ಕೊಟ್ಟ ರಾಗ. ಪಲ್ಲವಿ ಆರೋಹಣ, ಅವರೋಹಣದ ದಾರಿಯಲ್ಲೇ ಏರಿ ಇಳಿಯುತ್ತದೆ. ಕಾಶಿ ನೋಡಿ ಬಂದವರು, ಬ್ಯಾಂಡ್ ಕೇಳಿದವರು, ಮನೆತುಂಬ ಲಕ್ಷಣ ವಿದ್ಯೆ ಇದ್ದವರು, ಮೊದಲು ಬಾಯಿ ತೆರೆದದ್ದು ಸರಳೆ ವರಸೆಯ ರಾಗದಲ್ಲಿ! ಕೇಳಿದ್ದನ್ನೆಲ್ಲ ಮೊದಲ ಕೃತಿಯಲ್ಲೇ ತೋರಿಸಬೇಕು ಅಂತ ಅವರಿಗೆ ಅನ್ನಿಸಲಿಲ್ಲ. ಈ ವಿಷಯ ಎಷ್ಟು ಸಲ ಹೇಳಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಆಕೆಯೂ ಮಾಯಾಮಾಳವಗೌಳ ಹಿಡಿದಳು.

ಏನಾಯಿತು

ಮಕ್ಕಳ ಹಾಡು ಚೆನ್ನಾಗಿ ಹಿಡಿಯಿತು, ಆಕೆಯ ಅಪಾರ್ಟ್‌ಮೆಂಟಿನ ಮಕ್ಕಳು ಹಾಡಿಕೊಂಡು ಓಡಾಡುತ್ತಾರೆ. ಬಂದಿಶ್‌ಗಳಲ್ಲಿ ಒಂದು ನಿಂತಿತು, ಒಂದು ಅಷ್ಟಕ್ಕಷ್ಟೆ. ಹೊಸ ಕೃತಿಯ ಪಲ್ಲವಿ, ಅನುಪಲ್ಲವಿ ಆಗಿವೆ. ಚರಣ ಇನ್ನೂ ಆಗಿಲ್ಲ. ಮೊದಲೆಲ್ಲ ವಾರಕ್ಕೊಂದು ಕೃತಿ ಮುಗಿಸುತ್ತಿದ್ದವಳು ಈಗ ಒಂದು ಸಾಲಿನ ಧೈವತ ಎಷ್ಟು ಅಲುಗಬೇಕು ಅಂತ ತಿಂಗಳುಗಟ್ಟಲೆ ಕೂರುತ್ತಾಳೆ. ಆ ಪಲ್ಲವಿಯನ್ನು ಮತ್ತೆ ಮತ್ತೆ ಹಾಡಿಸಬೇಕು ಅನ್ನಿಸುತ್ತದೆ. ಅನುಪಲ್ಲವಿಯಲ್ಲಿ ರಿಷಭದ ಮೇಲೆ ಒಂದು ಉದ್ದದ ನಿಲುಗಡೆ ಇದೆ, ಅದರ ಹಿಂದೆ ಚಿಕ್ಕಂದಿನ ಹಿಂದೂಸ್ತಾನಿ ಇರಬಹುದು. ಆದರೆ ಕೇಳುವಾಗ ಅದು ಮಾಯಾಮಾಳವಗೌಳವೇ.

ಈ ಪ್ರಕರಣದಿಂದ ನಾನು ತೆಗೆದುಕೊಂಡದ್ದು: ಹಲವು ಸಂಗೀತ ಬಲ್ಲ ಶಿಷ್ಯರಿಗೆ ಯಾವುದನ್ನೂ ಬಿಡು ಅನ್ನಬಾರದು. ಒಂದೊಂದನ್ನೂ ಅದರದೇ ಮನೆಯಲ್ಲಿ ಪೂರ್ತಿ ಹಾಡಲಿ. ಕರಗಿಸುವುದು ಆಮೇಲಿನ ಮಾತು, ಅದಕ್ಕೆ ರಾಗದಲ್ಲೋ ಪದದಲ್ಲೋ ಒಂದು ಕಾರಣ ಇರಬೇಕು. ದೊಡ್ಡವರ ಬದುಕನ್ನು ಪಾಠ ಮಾಡುವಾಗ ಪವಾಡದ ಕಥೆಗಳ ಜೊತೆಗೆ ಅವರು ಯಾವ ವಯಸ್ಸಿನಲ್ಲಿ ಏನು ಕೇಳಿದರು, ಅದನ್ನು ಎಲ್ಲಿ ಬಳಸಿದರು, ಎಲ್ಲಿ ಬಳಸದೆ ಬಿಟ್ಟರು ಅಂತ ಹುಡುಕಿಸಬೇಕು. ಬಿಟ್ಟಿದ್ದರಲ್ಲಿ ಕಲಿಯುವುದು ಬಹಳ ಇರುತ್ತದೆ.

ಆದರೆ ಎಲ್ಲರಿಗೂ ಇದೇ ದಾರಿ ಅಂತ ದಯವಿಟ್ಟು ತಿಳಿಯಬೇಡಿ. ಒಂದೇ ಸಂಗೀತ ಕಲಿತು ಬಂದ ಇನ್ನೊಬ್ಬ ಶಿಷ್ಯನಿಗೆ ಇದೇ ಕ್ರಮ ಕೊಟ್ಟರೆ ಅವನಿಗೆ ನೊಟ್ಟುಸ್ವರ ಒಂದು ಆಟ ಅಷ್ಟೇ ಆಗುತ್ತದೆ, ಅವನ ತೊಡಕು ಬೇರೆ. ಅಂಥವರಿಗೆ ದೀಕ್ಷಿತರ ಶಿಷ್ಯರಾಗಿದ್ದ ತಂಜಾವೂರಿನ ನಾಲ್ವರು ಸಹೋದರರ ವರ್ಣಗಳಿಂದ ಶುರು ಮಾಡುವುದು ಒಳ್ಳೆಯದು. ಆ ನಾಲ್ವರಲ್ಲಿ ಚಿನ್ನಯ್ಯನವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದವರು, ಹಾಗಾಗಿ ಆ ಪಾಠ ನಮ್ಮ ಮೈಸೂರಿಗೂ ಹತ್ತಿರದ್ದು. ವಯಸ್ಸೂ ನೋಡಬೇಕು. ಹದಿನೈದು, ಹದಿನಾರರ ಮಕ್ಕಳಿಗೆ ರಚನೆ ನಿಲ್ಲಿಸು ಅಂದರೆ ಉತ್ಸಾಹವೇ ಆರಿಹೋಗಬಹುದು, ಅವರು ಮಾಡಿಕೊಳ್ಳಲಿ. ಈ ಶಿಷ್ಯೆಗೆ ನಿಲ್ಲಿಸು ಅಂದದ್ದು ಆಕೆ ತಾನೇ ತೊಡಕನ್ನು ಗುರುತಿಸಿ, ಪರಿಹಾರ ಬೇಕು ಅಂತ ಬಂದಿದ್ದಳು ಅನ್ನುವ ಕಾರಣಕ್ಕೆ.